ಅಡುಗೆಮನೆ ಬಾಗಿಲ ಹಿಂದಿನ ಗೋಡೆ

ಗೂಬೆಮರೀ,

ಎಬ್ಬಿಸಲಿಲ್ಲ. ರಜೆ ಮುಗಿಯಿತು, ಡ್ಯೂಟಿಗೆ ಹೊರಟೆ. ಯೂನಿಫಾರ್ಮು ಜೋಲಾಡುತ್ತಿದೆ, ಪಿನ್ನು ಚುಚ್ಚಿಕೊಂಡಿದ್ದೇನೆ.

ಪೇಂಟರ್ ಬರುತ್ತಾನೆ. ಎಲ್ಲ ಕಡೆ ಬಳಿಯಲಿ, ಅಡುಗೆಮನೆ ಬಾಗಿಲ ಹಿಂದಿನ ಗೋಡೆಗೆ ಮಾತ್ರ ಬ್ರಷ್ ತಾಗಿಸಕೂಡದು. ನೀನು ಕಾಲೇಜಿಗೆ ಹೊರಡುವಾಗ ಅಲ್ಲೊಂದು ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸು. ಅವರನ್ನು ದಾಟಿ ಯಾರು ಹೋಗುತ್ತಾರೋ ನೋಡೋಣ.

ಎದೆಯ ಕ್ಯಾನ್ಸರ್ ಆಪರೇಷನ್ ಆದಮೇಲೆ ನನ್ನ ಬಲಗೈ ಹೆಗಲಿನ ಮಟ್ಟಕ್ಕೂ ಏಳುತ್ತಿರಲಿಲ್ಲ. ಬೆರಳನ್ನು ಇರುವೆ ಥರ ಗೋಡೆ ಹತ್ತಿಸಿ ಅಂದರು ಡಾಕ್ಟರು. ನಾನು ಅಳುತ್ತಾ ಹತ್ತಿಸುತ್ತಿದ್ದರೆ, ನೀನು ಪೆನ್ಸಿಲ್ ಹಿಡಿದು "ಇನ್ನೊಂಚೂರಮ್ಮಾ, ಇನ್ನೊಂಚೂರು" ಅಂತ ಪ್ರಾಣ ತಿನ್ನುತ್ತಾ, ಮುಟ್ಟಿದಲ್ಲಿಗೆ ಗೀಟು ಎಳೆಯುತ್ತಿದ್ದೆ. ಹತ್ತಿದ್ದು ನನ್ನ ಬೆರಳು, ಹತ್ತಿಸಿದ್ದು ನೀನು.

ಅದೇ ಗೋಡೆಯಲ್ಲಿ, ನೀನು ಬೆಳೆಯುತ್ತಿದ್ದಾಗ ನಿನ್ನ ಎತ್ತರಕ್ಕೆ ನಾನು ಎಳೆದ ಗೀಟುಗಳೂ ಇವೆಯಲ್ಲ. ನಿನ್ನೆ ನೀನು ಮನೆಯಲ್ಲಿಲ್ಲದಾಗ ನನ್ನ ಬೆರಳು ನಿನ್ನ ಎತ್ತರದ ಕೊನೆಯ ಗೀಟನ್ನು ದಾಟಿತು. ಎಡಗೈಯಲ್ಲಿ ನಾನೇ ಗುರುತು ಹಾಕಿದೆ. ಸೊಟ್ಟಗಿದೆ, ನಗಬೇಡ.

ನನಗೆ ಎಟುಕಲೆಂದು ನೀನು ಕೆಳಗಿಟ್ಟಿದ್ದ ಸಕ್ಕರೆ ಡಬ್ಬ ಮತ್ತೆ ಮೇಲಿನ ಶೆಲ್ಫಿಗೆ ಹೋಗಿದೆ. ಅಲ್ಲೇ ಇರಲಿ.

ತಿಂಡಿ ಮುಚ್ಚಿಟ್ಟಿದ್ದೇನೆ. ತಿನ್ನದೆ ಓಡಬೇಡ.

ನಿನ್ನ ಕಾಲೇಜಿನ ಬಸ್ಸಿಗೆ ಇವತ್ತು ನಾನೇ ಕಂಡಕ್ಟರು. ಪಾಸು ಮರೆತರೆ ಟಿಕೆಟ್ ಹರಿಯುತ್ತೇನೆ, ಮಗಳು ಅಂತ ಬಿಡುವವಳಲ್ಲ. ಹತ್ತಿದ ಮೇಲೆ ಮುಂದೆ ಓಡಿ ಸೀಟು ಹಿಡಿಯಬೇಡ, ನನ್ನ ಪಕ್ಕದಲ್ಲೇ ನಿಂತಿರು. ತಲೆಯ ಮೇಲಿನ ಬೆಲ್ಲಿನ ಹಗ್ಗವನ್ನು ಬಲಗೈಯಲ್ಲೇ ಎಳೆಯುತ್ತೇನೆ.

ಅಮ್ಮ