ಅತ್ತೆಯ ದನಿಗೊಂದು ವಾಲ್ವ್ ಡಬ್ಬ

೧೪ ಮೇ ೨೦೦೭, ಸೋಮವಾರ

ಮುದ್ದೆ ಆಯ್ತು, ಪಾತ್ರೆ ಆಯ್ತು. ಮೈಕನ್ನು ಮತ್ತೆ ಜಂತೆಗೆ ಕಟ್ಟಿದೆ — ಬೀಸುಕಲ್ಲಿಗೆ ಒಂದು ಮೊಳ ಮೇಲೆ. ಪಡಸಾಲೆಯೇ ಈಗ ನನ್ನ ಸ್ಟುಡಿಯೋ. ಸ್ಕೂಲ್ ರಜೆ ಮುಗಿಯುವುದರೊಳಗೆ ಅತ್ತೆಯ ರಾಗಿ ಬೀಸುವ ಪದಗಳನ್ನೆಲ್ಲ ರೆಕಾರ್ಡ್ ಮಾಡಬೇಕು. ಮಾಡೇ ಮಾಡ್ತೀನಿ.

ಬಿ.ಎಡ್. ಕ್ಲಾಸ್‌ಮೇಟ್ ಸುಧಾಕರ್‌ಗೆ ಈಗ ಮೈಸೂರಲ್ಲಿ ಸೌಂಡ್ ಅಂಗಡಿ. ಲ್ಯಾಪ್‌ಟಾಪ್ ಜೊತೆ ಎರಡು ಪ್ರೀಆಂಪ್ ಕೊಟ್ಟಿದ್ದಾನೆ, ಮೈಕಿನ ಸಣ್ಣ ಸದ್ದನ್ನು ಎತ್ತಿಕೊಡುವ ಡಬ್ಬಗಳು. ಒಂದು ಕರಿಯದು, ಟ್ರಾನ್ಸಿಸ್ಟರ್ ಹಾಕಿದ್ದು. ಇನ್ನೊಂದರಲ್ಲಿ ಹಳೇ ರೇಡಿಯೋದಂಥ ಗಾಜಿನ ವಾಲ್ವ್. ದನಿ ಮೈದುಂಬುತ್ತೆ ಅಂತಾನೆ. ಒಂದನ್ನು ಕೊಳ್ಳಬೇಕು, ಇನ್ನೊಂದನ್ನು ಈ ಭಾನುವಾರ ವಾಪಸ್ ಕಳಿಸಬೇಕು.

ಅತ್ತೆ ಪದ ಹೇಳಿ ಐದು ವರ್ಷ. ಯಾವನೋ ಕ್ಯಾಸೆಟ್ ಕಂಪನಿಯವನು ‘ಅಜ್ಜಿ ದನಿ ಒಡೆದಿದೆ’ ಅಂದನಂತೆ. ಅವತ್ತಿನಿಂದ ಬಾಯಿಗೆ ಬೀಗ. ತಿಂಗಳು ಕಾಡಿ ಒಪ್ಪಿಸಿದ್ದೇನೆ. ಅದಕ್ಕೂ ಷರತ್ತು.

“ಒಂದ್ಸಲ ಏಳ್ತಿನಿ, ಕೇಳ್ತಿನಿ. ಚೆಂದಾಗಿಲ್ದಿದ್ರೆ ಇನ್ನು ನನ್ ತಂಟೆಗ್ ಬರ್ಬ್ಯಾಡ ಕಣಮ್ಮಿ.”

೧೫ ಮೇ, ಬೆಳಿಗ್ಗೆ ೭

ನನ್ನ ದನಿಯಲ್ಲೇ ಟೆಸ್ಟ್. ಕರಿ ಡಬ್ಬ — ಸ್ಫುಟ, ತಣ್ಣಗೆ. ಕ್ಲಾಸಲ್ಲಿ ಹಾಜರಿ ಕೂಗಿದ ಹಾಗಿದೆ. ವಾಲ್ವ್ — ಅಬ್ಬಾ! ನನ್ನ ಕಾಗೆ ಕಂಠಕ್ಕೂ ಒಂದು ಘನತೆ ಬಂತು. ಇದೇ. ತೀರ್ಮಾನ ಆಯ್ತು. ನಾಳೆ ಹನ್ನೊಂದಕ್ಕೆ ಅತ್ತೆ.

೧೬ ಮೇ, ಮಧ್ಯಾಹ್ನ ೩

ಹಾಳಾಯ್ತು.

ಹಬ್ಬದ ಸೀರೆ ಉಟ್ಟು ಕೂತರು ಪಾಪ. “ಬರೀ ಕಲ್ಲ ಬೀಸ್ಬಾರ್ದು” ಅಂತ ಎರಡು ಹಿಡಿ ರಾಗಿ ಹಾಕಿಸಿಕೊಂಡರು. ಹಾಡಿದಾಗ ಮೈ ಜುಂ ಅಂತು. ಆದರೆ ಹೆಡ್‌ಫೋನಲ್ಲಿ ಕೇಳಿದರೆ... ಮಂಕು. ಗೊರಗೊರ. ಅತ್ತೆಯೂ ಕೇಳಿದರು, ಹಿಟ್ಟನ್ನು ಮೊರಕ್ಕೆ ಬಳಿದುಕೊಂಡು ಎದ್ದರು.

“ಆ ಕ್ಯಾಸೆಟ್ನೋನ್ ಏಳಿದ್ದು ದಿಟ ಕಣ, ಬುಡು.”

ಊಟಕ್ಕೆ ಬಂದ ನಮ್ಮ ಯಜಮಾನರು, ಗುರುಪಾದಸ್ವಾಮಿಗಳು, ಗಾಯಕ್ಕೆ ಉಪ್ಪು ಸವರಿದರು. “ಆ ಡಬ್ಬ ವಾಪಸ್ ಕೊಟ್ಬುಡು. ನಿನ್ ಸುಧಾಕರ ಟೋಪಿ ಆಕವ್ನೆ.” ಮೈಯೆಲ್ಲ ಉರಿದುಹೋಯಿತು.

೧೮ ಮೇ, ಶುಕ್ರವಾರ

ಎರಡು ದಿನ ಅತ್ತೆ ಮಾತಿಲ್ಲ. ನನಗೂ ಬರೆಯುವ ಮನಸ್ಸಿಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಚೆನ್ನಾಗಿತ್ತಲ್ಲ ಅಂತ ಇವತ್ತು ಹನ್ನೊಂದಕ್ಕೆ ನನ್ನ ದನಿಗೇ ವಾಲ್ವ್ ಹಾಕಿ ನೋಡಿದೆ. ಅದೇ ಮಂಕು. ಆಮೇಲೆ ಕಣ್ಣಿಗೆ ಬಿತ್ತು — ಅಡುಗೆಮನೆ ಬಲ್ಬೂ ಬೆಲ್ಲದ ಬಣ್ಣ! ವೋಲ್ಟೇಜ್! ಕರಿ ಡಬ್ಬಕ್ಕೆ ಅದರ ಚಿಂತೆಯಿಲ್ಲ, ವಾಲ್ವಿಗೆ ಕರೆಂಟ್ ತುಂಬ ಬೇಕು. ಈ ಹೊತ್ತಲ್ಲಿ ಬರುವುದು ಮನೆ ದೀಪಕ್ಕಷ್ಟೇ ಸಾಲುವ ಸಿಂಗಲ್ ಫೇಸ್, ಪಂಪ್‌ಸೆಟ್ ಓಡಬಾರದು. ಯಾವನೋ ಕಂಡೆನ್ಸರ್ ಹಾಕಿ ಕದ್ದು ಓಡಿಸಿ ಎಲ್ಲರ ಕರೆಂಟ್ ಹೀರುತ್ತಿದ್ದಾನೆ. ಸೆರಗು ಸಿಕ್ಕಿಸಿಕೊಂಡು ಮೋಟಾರ್ ಸದ್ದಿನ ಜಾಡು ಹಿಡಿದು ಹೊರಟೆ.

ಜಾಡು ನಿಂತದ್ದು ನಮ್ಮದೇ ಚೆಂಡುಹೂವಿನ ಹೊಲದಲ್ಲಿ. ಯಜಮಾನರು ಕಾಲುವೆಗೆ ಕಾಲು ಇಳಿಬಿಟ್ಟು ಸೌತೆಕಾಯಿ ತಿನ್ನುತ್ತಿದ್ದಾರೆ.

“ಇದ್ಯಾಕಮ್ಮಿ ಇಲ್ಗಂಟ ಬಂದೆ?”

“ನಿಮ್ಮವ್ವನ ದನಿ ಹಾಳು ಮಾಡಿದ್ದು ಸುಧಾಕರ ಅಲ್ಲ, ನಿಮ್ಮ ಮೋಟಾರು ಕಣ್ರೀ!”

“ಚೆಂಡುವ್ವ ಒಣಗೋಯ್ತವೆ...”

“ಒಣಗಲಿ!” ಅಂದೆ. ನಿಜವಾಗಿಯೂ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋಗಿ ಸ್ವಿಚ್ ಇಳಿಸಿದರು.

“ಅವ್ವಂಗ್ ಏಳ್ಬ್ಯಾಡ.”

ಮನೆಗೆ ಬಂದವಳೇ ಹೇಳಿದೆ. ಅತ್ತೆ ನಕ್ಕರು, ಎರಡು ದಿನದ ಮೇಲೆ.

“ಕೂಸಾಗಿದ್ದಾಗ್ಲೂ ಅಷ್ಟೆಯ. ನಾ ಪದ ಏಳಕ್ ಕುಂತ್ರೆ ಅಳಕ್ ಸುರು ಮಾಡೋನು.” ಸೀರೆ ಕೊಡವಿಕೊಂಡು ಎದ್ದು, “ನಾಳೆ ಇನ್ನೊಂದ್ಸಲ ನೋಡನ ತಕ್ಕೊ.”

೧೯ ಮೇ, ಮಧ್ಯಾಹ್ನ ೧೨

ಗೆದ್ದೆವು! ಗೆದ್ದೆವು!

ಯಜಮಾನರು ಮೋಟಾರ್ ಮನೆ ಬಾಗಿಲಲ್ಲಿ ಕಾವಲು. ಅದೇ ಹನ್ನೊಂದು ಗಂಟೆ, ಅದೇ ಕಲ್ಲು, ಎರಡು ಹಿಡಿ ರಾಗಿ. ಬಲ್ಬು ಬೆಳ್ಳಗೆ, ವಾಲ್ವ್ ಕೆಂಡದ ಕೆಂಪು. ಒಂದೇ ಪದವನ್ನು ಎರಡು ಸಲ ಹೇಳಿಸಿದೆ, ಡಬ್ಬಕ್ಕೊಂದು ಸಲ. ಯಾವುದು ಯಾವುದೆಂದು ಹೇಳದೆ ಹೆಡ್‌ಫೋನ್ ಹಾಕಿದೆ.

ಮೊದಲು ಕರಿ ಡಬ್ಬದ್ದು. “ಸುದ್ದಾಗದೆ. ಯಾರಮ್ಮಿ ಇವ್ಳು?”

ಆಮೇಲೆ ವಾಲ್ವಿನದು. ಅತ್ತೆ ಕಣ್ಣು ಮುಚ್ಚಿದರು. ಸಾಲಿನ ಕೊನೆಯಲ್ಲಿ ದನಿ ಒಡೆಯುವ ಜಾಗ ಬಂತು. ಅವರ ಕೈ ತಾನಾಗಿಯೇ ಕಲ್ಲಿನ ಗೂಟಕ್ಕೆ ಹೋಯಿತು.

“ಒಡ್ದದೆ, ದಿಟ. ಒಡ್ದಿರೋದೂ ನಂದೆಯ. ಇದ್ರಲ್ಲಿ ನಾನಿವ್ನಿ ಕಣಮ್ಮಿ.”

ಅತ್ತುಬಿಟ್ಟೆ. ಮುಚ್ಚುಮರೆ ಇಲ್ಲದೆ ಜೋರಾಗಿ. ಡಬ್ಬ ಆರಿಸಿದ್ದು ನಾನಲ್ಲ, ಅವರು. ಸುಧಾಕರ್‌ಗೆ ಫೋನ್ ಮಾಡಿ ಹೇಳಿದೆ, ಕರಿಯದು ನಾಳೆ ವಾಪಸ್.

೨೦ ಮೇ, ಭಾನುವಾರ, ಬೆಳಿಗ್ಗೆ ೭

ಕರಿ ಡಬ್ಬ ಪ್ಯಾಕ್ ಆಯ್ತು. ಯಜಮಾನರು ಹತ್ತರ ಮೈಸೂರು ಬಸ್ಸಿಗೆ ಒಯ್ಯುತ್ತಾರೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿದೆ, ಚೆಂಡುಹೂವೂ ಬದುಕುತ್ತೆ. ರಾತ್ರಿಯಿಂದ ಅತ್ತೆಗೆ ಒಂದರ ಹಿಂದೊಂದು ಪದ ನೆನಪಾಗುತ್ತಿವೆ. ಹದಿನೇಳು ಬರೆದುಕೊಂಡೆ. ಕಾಫಿ ಕುಡಿದು ಶುರು ಮಾಡೋಣ ಅಂದಿದ್ದೆ... ಆಗಲೇ ರಾಗಿ ತಾವೇ ಹಾಕಿಕೊಂಡು ಕೂತಿದ್ದಾರೆ! ಹೊಲದಿಂದ “ಮೋಟಾರ್ ಆಫು!” ಕೂಗು. ಪಡಸಾಲೆಯಿಂದ “ಬಾರಮ್ಮಿ, ಇನ್ನೊಂದ್ ಬಂತು!” ಬಂದೆ ಅತ್ತೆ, ವಾಲ್ವ್ ಒಂಚೂರು ಕಾಯಲಿ, ಒಂದೇ ನಿಮಿ—