ಟೋಕಿಯೊಗೆ ಎರಡು ವಾರ ತಡ

ಅತ್ತೆ, ನಿಮ್ಮ ಸುಧಾಳ ನಮಸ್ಕಾರ. ಕನ್ನಡಕ ಹಾಕಿಕೊಂಡು ಓದಿ. ನಾವು ಗೆದ್ದಿದ್ದೇವೆ!

ಆ ಶನಿವಾರ ನೆನಪಿದೆಯಾ, ಗಿರೀಶ ಟೋಕಿಯೊದ ಕೋಟೋದಿಂದ ಫೋನ್ ಮಾಡಿ ನಿಮ್ಮ ಧಾರಾವಾಹಿಯ ಕೊನೆಯನ್ನು ಹೇಳಿಬಿಟ್ಟಿದ್ದು? "ಅಮ್ಮಾ, ಆ ಡಾಕ್ಟರ್ ಸಾಯಲ್ಲ, ಡೋಂಟ್ ವರಿ" ಅಂದ ನಿಮ್ಮ ಕಿರಿಮಗ. ನೀವು ಫೋನನ್ನು ಸೋಫಾ ಮೇಲೆ ಎಸೆದು ನನ್ನ ಕಡೆ ತಿರುಗಿದಿರಿ. ಟೋಕಿಯೊದಲ್ಲಿ ಐದು ದೊಡ್ಡ ಖಾಸಗಿ ಚಾನೆಲ್‌ಗಳು, ನಮ್ಮ ಪುಟ್ಟ ಜಿಲ್ಲೆಗೆ ಎರಡೇ. ಆ ಎರಡೇ ಐದರ ಕಾರ್ಯಕ್ರಮಗಳನ್ನೂ ಆರಿಸಿ ತುರುಕಬೇಕು, ಅದಕ್ಕೇ ಎರಡು ವಾರ ತಡ ಎಂದು ನಾನು ತಿಳಿಸಿ ಹೇಳಿದೆ. ನಾನು ಅದರಲ್ಲೊಂದರಲ್ಲಿ ಕೆಲಸ ಮಾಡುವವಳಲ್ಲವೇ, ಬೈಗುಳವೆಲ್ಲ ನನಗೇ. "ಅವ್ರು ಬಿಸಿಬಿಸಿ ತಿಂದು ಮಿಕ್ಕಿದ್ದು ನಮಗಾ? ಒಂದ್ಸಲ ಆದ್ರೂ ಅವ್ರಿಗೆ ನಮ್ಮ ತಂಗಳು ತಿನ್ಸೇ ಸುಧಾ!" ಅಂದಿರಿ.

ಗುರುವಾರ ಬಂದರೆ ನೀವು ಕೋಡುಬಳೆ ಡಬ್ಬ ಹಿಡಿದು ಬೆಟ್ಟದ ಬಸ್ ಹತ್ತುತ್ತಿದ್ದಿರಿ. ಬಸ್ಸಿನಲ್ಲಿ ಬರುವ ಅಜ್ಜಿಯರು ಜಪಾನಿಯಲ್ಲಿ, ನೀವು ಕನ್ನಡದಲ್ಲಿ. ಅದೇನು ಮಾತಾಡಿಕೊಳ್ಳುತ್ತಿದ್ದಿರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದೇ ಬಸ್ಸಿನ ಬಗ್ಗೆ ವಾರಕ್ಕೊಮ್ಮೆ ಹತ್ತು ನಿಮಿಷದ ಕಾರ್ಯಕ್ರಮ ಮಾಡಲು ಹೊರಟ ನನ್ನ ಮುಂದೆ ಮಾತ್ರ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. "ಏನ್ ಪೊಲೀಸ್ ಥರ ಕೇಳ್ತೀಯೇ? ಮೈಕ್ ಒಳಗಿಡು. ಪಕ್ಕದಲ್ಲಿ ಸುಮ್ನೆ ಕೂತ್ಕೋ" ಎಂದಿರಿ. ಕೂತೆ. ಮೂರನೇ ಸ್ಟಾಪಿಗೆ ಅವರೇ ಶುರು ಮಾಡಿದರು.

ನೀವು ನಮ್ಮನ್ನು ಬಿಟ್ಟು ಹೋದ ವರ್ಷವೇ ನನ್ನ ಮೇಲಧಿಕಾರಿ ಮೊರಿತಾ ಸಾನ್ ಕರೆದು, ಮಾರ್ಚ್‌ಗೆ ಈ ಕಾರ್ಯಕ್ರಮ ನಿಲ್ಲುತ್ತದೆ, ಆ ಹೊತ್ತಿಗೆ ಟೋಕಿಯೊದ ಶಾಪಿಂಗ್ ಶೋ ಬರುತ್ತದೆ ಎಂದರು. ನಿಮ್ಮ ಬಸ್ಸಿನ ಡ್ರೈವರ್ ನಿವೃತ್ತರಾಗುವ ತಿಂಗಳೂ ಅದೇ. ಹಟ ಹಿಡಿದು, ಇದ್ದಬದ್ದದ್ದನ್ನೆಲ್ಲ ಸೇರಿಸಿ ಒಂದು ಗಂಟೆಯದು ಮಾಡಿ, ನಮಗೆ ಕಾರ್ಯಕ್ರಮ ಕೊಡುವ ಟೋಕಿಯೊದ ದೊಡ್ಡ ಚಾನೆಲ್‌ಗೇ ಕಳಿಸಿದೆ. ಅವರು ಕೊಂಡರೆ ನಮ್ಮ ಕಾರ್ಯಕ್ರಮ ಉಳಿಯುತ್ತಿತ್ತು. ಅವರು ಒಪ್ಪಿದರು, ಆದರೆ ತೆರೆಯ ಮೂಲೆಯಲ್ಲಿ ಒಬ್ಬ ಸ್ಟಾರ್ ಮುಖ ಬೇಕಂತೆ, ನಗುವುದಕ್ಕೂ ಅಳುವುದಕ್ಕೂ. ತೆರೆ ತುಂಬ ಬಣ್ಣದ ಅಕ್ಷರ ಬೇಕಂತೆ. ಇಲ್ಲದಿದ್ದರೆ ಬೇಡವಂತೆ. ಅಜ್ಜಿ ಅಳುವಾಗ ಪಕ್ಕದಲ್ಲಿ ಇನ್ಯಾರೋ ಅಳುವುದು ಅಂದರೆ... ಫೋನಿನಲ್ಲೇ ಆಗುವುದಿಲ್ಲ ಅಂದೆ. ಕುರ್ಚಿಗೆ ಕಾಲು ತಾಗಿದರೂ ಸುಮಿಮಾಸೆನ್, ಕ್ಷಮಿಸಿ, ಅನ್ನುವ ಮೊರಿತಾ ಸಾನ್, ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಸುಮಿಮಾಸೆನ್, ಇವರು ಹೇಳಿದ್ದೇ ನಮ್ಮ ಚಾನೆಲ್‌ನ ಮಾತು" ಎಂದು ಇಟ್ಟುಬಿಟ್ಟರು!

ಒಂದು ವಾರ ಇಬ್ಬರಿಗೂ ಊಟ ಸೇರಲಿಲ್ಲ. ಆಮೇಲೆ ಉತ್ತರ ಬಂತು. ಇದ್ದ ಹಾಗೇ ತೆಗೆದುಕೊಳ್ಳುತ್ತಾರಂತೆ. ಶಾಪಿಂಗ್ ಶೋಗೆ ಬೇರೆ ಹೊತ್ತು ಸಿಕ್ಕಿತು, ನಮ್ಮ ಹತ್ತು ನಿಮಿಷ ನಮ್ಮಲ್ಲೇ ಉಳಿಯಿತು. ಎಷ್ಟು ಕುಣಿದೆ ಗೊತ್ತಾ ಅತ್ತೆ, ಆಫೀಸಿನ ಮೆಟ್ಟಿಲ ಮೇಲೇ!

ನಿನ್ನೆ ಮಧ್ಯಾಹ್ನ ಅದು ನಮ್ಮ ಜಿಲ್ಲೆಯಲ್ಲಿ ಪ್ರಸಾರವಾಯಿತು. ಟೋಕಿಯೊದಲ್ಲಿ ಇನ್ನೆರಡು ವಾರ ಬಿಟ್ಟು. ಮುಗಿದ ಐದೇ ನಿಮಿಷಕ್ಕೆ ಗಿರೀಶನ ಫೋನ್.

"ಅತ್ತಿಗೆ, ಲಿಂಕ್ ಕಳ್ಸಿ ಪ್ಲೀಸ್."

"ಕಳ್ಸಲ್ಲ."

"ಡ್ರೈವರ್ ಲಾಸ್ಟಲ್ಲಿ ಅಳ್ತಾರಾ? ಅದಾದ್ರೂ ಹೇಳಿ."

"ಹೇಳಲ್ಲ."

ಆಮೇಲೆ ಮೆಲ್ಲಗೆ, "ಅಮ್ಮ ಇದಾಳಾ ಅದ್ರಲ್ಲಿ?" ಎಂದ.

ನಿಮ್ಮ ಪರವಾಗಿ ಹೇಳಿದೆ: "ಎರಡು ವಾರ ಕಾಯಪ್ಪಾ."

ನಿಮಗೆ ಮಾತ್ರ ಹೇಳುತ್ತೇನೆ. ಇದ್ದೀರಿ. ಕೊನೆಯ ಸ್ಟಾಪಿನಲ್ಲಿ ಇಳಿಯುವ ಮೊದಲು ತಿರುಗಿ, ಕ್ಯಾಮೆರಾದತ್ತ ಡಬ್ಬ ಚಾಚಿ "ತಗೋ" ಅನ್ನುತ್ತೀರಿ. ಕಾರ್ಯಕ್ರಮ ಅಲ್ಲಿಗೇ ಮುಗಿಯುತ್ತದೆ. ಇಲ್ಲಿಯವರಿಗೆಲ್ಲ ಕೊಟ್ಟಾಯಿತು ಅತ್ತೆ. ಟೋಕಿಯೊದವರಿಗೂ ಸಿಗುತ್ತದೆ, ಮಿಕ್ಕಿದ್ದು.