ಇಪ್ಪತ್ತು ದಿನದ ಗೆರೆ

ಅಪ್ಪಾ,

ಇವತ್ತು ನಮ್ಮ ಸೋಯಾ ಮಾರಿಬಿಟ್ಟೆ. ಬೆಲೆ, ನಕ್ಷೆಯಲ್ಲಿ ಕಳೆದ ಇಪ್ಪತ್ತು ದಿನದ ಸರಾಸರಿ ತೋರಿಸುವ ಗೆರೆಗಿಂತ ಕೆಳಗಿಳಿದಿತ್ತು. ಇಳಿದರೆ ಮಾರಬೇಕು ಎಂದು ಕಲಿಸಿದವನು ನೀನೇ.

ತಮ್ಮ ರಾಮಿರೊ ಮಾಟೆ ಚಹಾ ಹೀರುತ್ತಾ, "ಅಕ್ಕಾ, ಐವತ್ತು ದಿನದ ಗೆರೆ ಹಾಕಿ ನೋಡು, ಬೆಲೆ ಇನ್ನೂ ಮೇಲೇ ಇದೆ. ಅಪ್ಪ ಇದ್ದಿದ್ರೆ ಹಂಗೇ ಮಾಡ್ತಿದ್ದ" ಅಂದ.

"ಮಾಡ್ತಿದ್ದ. ಅದಕ್ಕೇ ಹೋದ ಸಲ ಕಾಳೆಲ್ಲ ಚೀಲದಲ್ಲೇ ಮುಗ್ಗಲು ಹಿಡೀತು" ಅಂದು ರೊಸಾರಿಯೊದ ದಲ್ಲಾಳಿಗೆ ಫೋನ್ ಮಾಡಿ ಮಾರಲು ಹೇಳಿದೆ.

ಸಂಜೆಗೆ ಬೆಲೆ ಏರಿತು. ರಾಮಿರೊ ನಕ್ಕ.

"ನಗೋ, ನಗು. ಗೆರೆ ಮಾತ್ರ ಬದಲಾಯಿಸಲ್ಲ."

ನೀನು ಬದಲಾಯಿಸುತ್ತಿದ್ದೆ. ಗೆರೆ 'ಮಾರು' ಅಂದಾಗಲೆಲ್ಲ ದಿನ ಹೆಚ್ಚಿಸಿಕೊಂಡು ಕಾಯುತ್ತಿದ್ದೆ. ಎದೆನೋವು ಬಂದ ಬೆಳಿಗ್ಗೆಯೂ "ಇನ್ನೊಂದು ವಾರ ನೋಡೋಣ" ಅಂದವನು ನೀನು. ಆಸ್ಪತ್ರೆಗೆ ಹೊರಡಲು ಕಾರಿನ ಕೀಲಿ ಹಿಡಿದು ನಿಂತಿದ್ದ ನಾನು ಹೂಂ ಅಂದೆ, ಕೀಲಿಯನ್ನು ಮತ್ತೆ ಮೊಳೆಗೆ ತೂಗುಹಾಕಿದೆ.